ಸಾವಿರದ ನಲವತ್ತಮೂರು ಮನೆಗಳು

ನಮ್ಮೂರಿನ ಮನೆಗಳು ಭಾನುವಾರ ರಾತ್ರಿ ಜಾಗ ಬದಲಾಯಿಸುತ್ತವೆ. ರಸ್ತೆ, ಬಾವಿ, ಮರ, ಕೆರೆ ಇದ್ದಲ್ಲೇ ಇರುತ್ತವೆ, ಕಟ್ಟಡಗಳು ಮಾತ್ರ ಇರುವುದಿಲ್ಲ. ಒಳಗೆ ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ, ನೆಲುವಿನ ಮೇಲಿನ ಮೊಸರು ತುಳುಕುವುದೂ ಇಲ್ಲ. ಸೋಮವಾರ ಬೆಳಿಗ್ಗೆ ಬಾಗಿಲು ತೆರೆದರೆ ಕಳೆದ ವಾರ ಎದುರಿಗಿದ್ದ ಹಿಟ್ಟಿನ ಗಿರಣಿ ಇರುವುದಿಲ್ಲ, ಅಲ್ಲಿ ಯಾರದೋ ಹಿತ್ತಿಲ ಬಾಗಿಲು ಇರುತ್ತದೆ. ಪರ ಊರಿನವರು ಇದನ್ನು ಕೇಳಿ ಬಾಯಿ ಬಿಡುತ್ತಾರೆ. ಬಾಯಿ ಬಿಡುವಂಥದ್ದು ನಮಗೇನೂ ಕಾಣುವುದಿಲ್ಲ. ಎರವಲು ಕೊಟ್ಟ ಜರಡಿಯನ್ನು ಭಾನುವಾರ ಸಂಜೆಯೊಳಗೆ ವಾಪಸ್ ಇಸಿದುಕೊಳ್ಳಬೇಕು, ಅಷ್ಟೇ. ಕುಂಬಳ ಬಳ್ಳಿ ಹಾಕಿದವಳೊಬ್ಬಳು, ಕಾಯಿ ಕುಯ್ಯುವವಳು ಇನ್ನೊಬ್ಬಳು ಎನ್ನುವುದಕ್ಕೂ ಹೊಂದಿಕೊಂಡಿದ್ದೇವೆ. ಪಕ್ಕದ ಮನೆಯವರೊಡನೆ ಜಗಳವಾದರೆ ಹಿರಿಯರು ನ್ಯಾಯ ಹೇಳಲು ಹೋಗುವುದಿಲ್ಲ, ಭಾನುವಾರದ ತನಕ ತಡ್ಕೊಳ್ಳಿ ಎಂದು ಎದ್ದು ಹೋಗುತ್ತಾರೆ.

ತಲೆನೋವೆಲ್ಲ ನನ್ನದು. ನಾನು ದಾಕ್ಷಾಯಿಣಿ, ಹತ್ತೊಂಬತ್ತು ವರ್ಷದಿಂದ ಮನೆಪತ್ತೆ ಕಚೇರಿಯಲ್ಲಿದ್ದೇನೆ. ಸೋಮವಾರ ಬೆಳಕು ಹರಿಯುತ್ತಲೇ ಪ್ರತಿ ಮನೆಯವರೂ ಹೊರಗೆ ಬಂದು, ತಮ್ಮ ಎಡಕ್ಕೆ, ಬಲಕ್ಕೆ, ಮುಂದೆ, ಹಿಂದೆ ಏನು ಬಂದಿದೆಯೆಂದು ನೋಡಿ, ಚೀಟಿಯಲ್ಲಿ ಬರೆದು ಬೀದಿ ಮೂಲೆಯ ಡಬ್ಬಕ್ಕೆ ಹಾಕಬೇಕು. ಆ ಚೀಟಿಗಳನ್ನು ಕಚೇರಿಗೆ ತಂದು ಐದು ಜನ ಕೂತು ಕಂಪ್ಯೂಟರಿನ ಡೇಟಾಬೇಸಿಗೆ ಏರಿಸುತ್ತಾರೆ. ಎಂಟು ಗಂಟೆಗೆ ಕಿಟಕಿ ತೆರೆಯುವ ಹೊತ್ತಿಗೆ ಅದರ ಮುಂದೆ ಉದ್ದ ಸಾಲು ನಿಂತಿರುತ್ತದೆ. ಭಾನುವಾರ ರಾತ್ರಿ ಪಾಳಿ ಮುಗಿಸಿ ಬಂದು ತಮ್ಮ ಮನೆ ಎಲ್ಲಿದೆಯೆಂದು ಕೇಳುವವರು, ಅಂಚೆಯವನು, ಹಾಲಿನವರು. ಇವರೆಲ್ಲರಿಗಿಂತ ಮುಂದೆ ಸೂಲಗಿತ್ತಿ ತಿಮ್ಮಾಜಮ್ಮ, ದಿನ ತುಂಬಿದ ಹೆಂಗಸರ ಮನೆಗಳ ಪಟ್ಟಿ ಹಿಡಿದುಕೊಂಡು. ಕೇಳಿದ ಮನೆಯನ್ನು ಡೇಟಾಬೇಸಿನಿಂದ ಹೊರಗೆ ತೆಗೆದು ಹೇಳುವ ವಿದ್ಯೆ ಮಾತ್ರ ನನ್ನೊಬ್ಬಳಿಗೇ ಗೊತ್ತಿತ್ತು. ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡಬೇಕು, ಒಂದು ಅಲ್ಪವಿರಾಮ ತಪ್ಪಿದರೂ ಅದು ಮುನಿಸಿಕೊಂಡು ಕೂರುತ್ತದೆ. ಹಾಗಾಗಿ ಹತ್ತೊಂಬತ್ತು ವರ್ಷ ನನಗೆ ಒಂದು ಸೋಮವಾರವೂ ರಜೆಯಿಲ್ಲ. ಜ್ವರ ಬಂದರೂ ಹೋಗಿದ್ದೇನೆ, ತಂಗಿಯ ಮಗಳ ಧಾರೆ ಬಿಟ್ಟೂ ಹೋಗಿದ್ದೇನೆ.

ನನ್ನ ಆಸೆ ದೊಡ್ಡದೇನಲ್ಲ. ಸೋಮವಾರ ಬೆಳಿಗ್ಗೆ ಊರಿನವರೆಲ್ಲ ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂತು, ಈ ವಾರ ತಮ್ಮ ಮುಂದೆ ಏನು ಬಂದಿದೆ ಎಂದು ನೋಡುತ್ತಾರೆ. ಅದು ನಮ್ಮೂರಿನ ಸುಖಗಳಲ್ಲಿ ಒಂದು. ನಾನು ಕತ್ತಲಿರುವಾಗಲೇ ಎದ್ದು, ಕಚೇರಿಯ ಮಾಡಿನ ಮೇಲೆ ಗಳುವಿಗೆ ಕಟ್ಟಿದ ಕೆಂಪು ಬಾವುಟ ಎಲ್ಲಿ ಕಾಣುತ್ತದೆಂದು ಹುಡುಕಿಕೊಂಡು ಓಡಬೇಕು. ಕಚೇರಿಯೂ ಕಟ್ಟಡವೇ ತಾನೆ. ಒಂದು ಸೋಮವಾರವಾದರೂ ನನ್ನ ಜಗಲಿಯಲ್ಲಿ ನಾನು ಕೂರಬೇಕು ಎಂದು ಮಂಡಿ ನೋವು ಶುರುವಾದ ಮೇಲೆ ತುಂಬ ಅನ್ನಿಸತೊಡಗಿತು. ಕಮಾಂಡ್ ಬಾರದವರೂ ಮೌಸ್ ಹಿಡಿದು ಡೇಟಾಬೇಸ್ ನೋಡುವಂಥ ಟೂಲ್‌ಗಳಿವೆ, ಅಂಥದ್ದೊಂದನ್ನು ಕಚೇರಿಯ ಕಂಪ್ಯೂಟರಿಗೆ ಹಾಕಿಸಿ ಎಂದು ಅಧ್ಯಕ್ಷರಿಗೆ ಅರ್ಜಿ ಕೊಟ್ಟೆ. ಕೊಟ್ಟ ಮೇಲೆ ಶುರುವಾಯಿತು ನೋಡಿ ನನ್ನ ಗ್ರಹಚಾರ.

ಅಧ್ಯಕ್ಷ ನಂಜುಂಡಾರಾಧ್ಯರು ಯಾವ ಕೆಲಸವನ್ನೂ ಸಮಿತಿ ಮಾಡದೆ ಮಾಡಿದವರಲ್ಲ. ಆಯ್ಕೆ ಸಮಿತಿ ಅಂತ ಒಂದಾಯಿತು. ಅದರಲ್ಲಿ ಅವರು, ನಿವೃತ್ತ ಭೂಗೋಳದ ಮೇಷ್ಟ್ರು ಶಿವಸ್ವಾಮಿ, ಮುಂದೆ ಸೋಮವಾರ ನನ್ನ ಜಾಗದಲ್ಲಿ ಕೂರಬೇಕಾಗಿದ್ದ ಗುಮಾಸ್ತ ಕಾಂತರಾಜು, ಮತ್ತು ನಾನು. ನಮ್ಮಂಥ ಊರಿನಲ್ಲಿ ಮೂವತ್ತು ವರ್ಷ ಭೂಗೋಳ ಹೇಳಿಕೊಟ್ಟ ಮನುಷ್ಯನಿಗೆ ಎಷ್ಟು ತಾಳ್ಮೆ ಇರಬೇಕು ಎಂದು ಬೇರೆಯವರು ಹೊಗಳುತ್ತಾರೆ. ನನಗೆ ಅವರಲ್ಲಿ ಕಂಡದ್ದು ತಾಳ್ಮೆಯಲ್ಲ, ತಾನು ಹೇಳಿದ್ದೇ ಸರಿ ಎನ್ನುವ ಹಟ.

ಮೂರು ಟೂಲ್‌ಗಳನ್ನು ತರಿಸಿದ್ದಾಯಿತು. ಮೊದಲನೆಯದು ಎಲ್ಲವನ್ನೂ ಚೌಕ ಚೌಕದ ಕೋಷ್ಟಕದಲ್ಲಿ ತೋರಿಸುತ್ತಿತ್ತು, ಆದರೆ ಒಂದು ಚೌಕದೊಳಗೆ ಕೈತಪ್ಪಿ ಏನಾದರೂ ಒತ್ತಿದರೆ ಕೇಳದೆ ಹೇಳದೆ ಅದನ್ನೇ ಉಳಿಸಿಬಿಡುತ್ತಿತ್ತು. ತೋರಿಸಿದ ದಿನವೇ ಅಧ್ಯಕ್ಷರ ಮೊಳಕೈ ತಾಗಿ ಅಂಚೆ ಕಚೇರಿಯ ಎಡಕ್ಕಿದ್ದ ಮನೆಯ ಹೆಸರು ಅಳಿಸಿಹೋಯಿತು. ಎರಡನೆಯದು ಇದಕ್ಕೆ ವಿರುದ್ಧ. ಏನು ಮಾಡಿದರೂ 'ಖಚಿತವೇ?' ಎಂದು ಮೂರು ಸಲ ಕೇಳುತ್ತಿತ್ತು, ತೆರೆದುಕೊಳ್ಳುವುದಕ್ಕೆ ಹನ್ನೆರಡು ನಿಮಿಷ ತೆಗೆದುಕೊಳ್ಳುತ್ತಿತ್ತು. ನನಗೆ ಇದೇ ಸರಿ ಅನ್ನಿಸಿತು. ಬೇಗ ಎದ್ದು ಅದನ್ನು ತೆರೆದಿಟ್ಟು ಕಾಫಿ ಕುಡಿದು ಬಂದರಾಯಿತು, ಕೇಳಿ ಮಾಡುವ ಯಂತ್ರ ಒಳ್ಳೆಯದು ಎಂದೆ. ಯಂತ್ರ ತಮ್ಮನ್ನು ಮೂರು ಮೂರು ಸಲ ಅನುಮಾನಿಸುವುದು ಅಧ್ಯಕ್ಷರಿಗೆ ಅವಮಾನವಾಗಿ ಕಂಡಿತು. ಮೂರನೆಯದು ಥಳಥಳ ಅನ್ನುತ್ತಿತ್ತು. ಚೀಟಿಗಳಲ್ಲಿರುವ ಎಡ ಬಲಗಳನ್ನು ಜೋಡಿಸಿ ಊರಿನ ಚಿತ್ರವನ್ನೇ ಬರೆದುಬಿಡುತ್ತಿತ್ತು. ಮನೆಗಳಿಗೆ ಹಳದಿ, ಖಾಲಿ ಜಾಗಕ್ಕೆ ಹಸಿರು. ಅದನ್ನು ಮಾರಲು ಬಂದವನು ಅರವತ್ತು ಮನೆಯ ಒಂದು ಮಾದರಿ ಊರನ್ನು ತೆರೆದು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಚಿತ್ರ ಬರಿಸಿದ. ಮೇಷ್ಟ್ರು ಹಸಿರನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. ತಮ್ಮ ಜೀವಮಾನದಲ್ಲಿ ಈ ಊರಿನ ನಕ್ಷೆಯೊಂದನ್ನು ನೋಡುತ್ತೇನೆಂದು ಅಂದುಕೊಂಡಿರಲಿಲ್ಲವಂತೆ.

ಏಳು ಮಂಗಳವಾರ ಸಭೆ ನಡೆಯಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಒಂದು ಮಂಗಳವಾರ ಪೂರ್ತಿ ಅಕ್ಷರದ ಗಾತ್ರದ ಮೇಲೆ ಕಳೆಯಿತು. ಇನ್ನೊಂದು ಮಂಗಳವಾರ ಅಧ್ಯಕ್ಷರು ಟೂಲಿನ ನೆತ್ತಿಯಲ್ಲಿ ತಮ್ಮ ಹೆಸರು ಬರುವಂತೆ ಮಾಡಬಹುದೇ ಎಂದು ವಿಚಾರಿಸಿದರು. ಕಾಂತರಾಜುವಿಗೆ ಯಾವುದಾದರೂ ಆಗುತ್ತಿತ್ತು, ಆದರೆ ಯಾರು ಕೊನೆಯಲ್ಲಿ ಮಾತಾಡಿದರೋ ಅವರು ಹೇಳಿದ್ದೇ ಸರಿ ಎನ್ನುತ್ತಿದ್ದ. ನಾನು ಪ್ರತಿ ಸಭೆಯಲ್ಲೂ ಒಂದೇ ಮಾತು ಹೇಳಿದೆ. ಮಾದರಿ ಊರು ಬೇಡ, ನಮ್ಮ ಸಾವಿರದ ನಲವತ್ತಮೂರು ಮನೆಗಳನ್ನು ಪೂರ್ತಿ ಹಾಕಿ ಒಂದು ಸೋಮವಾರ ನೋಡೋಣ, ಆಮೇಲೆ ಒಪ್ಪೋಣ ಎಂದೆ. ಅದಕ್ಕೆ ಉಪಸಮಿತಿ ಮಾಡಬೇಕಾಗುತ್ತದೆ ಎಂದರು. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಅನ್ನುತ್ತಾರೆ, ನಮ್ಮಲ್ಲಿ ನಾಲ್ಕೇ ಜನ ಸೇರಿ ಅದನ್ನು ಸಾಕಿ ಬೆಳೆಸುತ್ತಿದ್ದೆವು.

ಏಳನೆಯ ಮಂಗಳವಾರ ಮೇಷ್ಟ್ರು ಮತ್ತೆ ಹಸಿರಿನಿಂದ ಶುರು ಮಾಡಿದಾಗ ನನಗೆ ಮೈ ಪರಚಿಕೊಳ್ಳುವಂತಾಯಿತು. ಮಂಡಿ ಸಿಡಿಯುತ್ತಿತ್ತು. ಯಾವುದಾದರೂ ಹಾಳಾಗಿಹೋಗಲಿ, ನನಗೆ ಸೋಮವಾರ ಬಿಟ್ಟುಕೊಡಿ ಎಂದು ಮನಸ್ಸಿನಲ್ಲೇ ಅಂದುಕೊಂಡು, ಮುಂದಿದ್ದ ಕಾಗದವನ್ನು ಎಳೆದು, 'ತಾಂತ್ರಿಕವಾಗಿ ಪರೀಕ್ಷಿಸಲಾಗಿದೆ' ಎಂದಿದ್ದ ಕಡೆ ಮೂರನೆಯದಕ್ಕೆ ಟಿಕ್ ಹಾಕಿ ಸಹಿ ಮಾಡಿಬಿಟ್ಟೆ. ಪರೀಕ್ಷೆ ನಡೆದಿಲ್ಲವೆಂದು ಆ ಕೋಣೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ತಿಳಿದಿದ್ದವಳು ನಾನೇ. ಅಧ್ಯಕ್ಷರು ದಾಕ್ಷಾಯಿಣಮ್ಮನವರು ಕೊನೆಗೂ ದಾರಿಗೆ ಬಂದರು ಎಂದು ಸಂತೋಷಪಟ್ಟರು. ಕಾಂತರಾಜುವಿಗೆ ಎರಡು ದಿನ ಕೂರಿಸಿ ಹೇಳಿಕೊಟ್ಟೆ, ಹೆಸರಿನ ಮೇಲೆ ಕ್ಲಿಕ್ ಮಾಡು, ಚಿತ್ರ ನೋಡು, ಹೇಳು, ಅಷ್ಟೇ ಎಂದೆ.

ಆ ಸೋಮವಾರ ನನ್ನ ಮನೆ ಕೆರೆ ದಂಡೆಗೆ ಬಂದಿತ್ತು. ಕಾಫಿ ಹಿಡಿದು ಜಗಲಿಗೆ ಬಂದರೆ ಎದುರಿಗೆ ನೀರೋ ನೀರು. ಬೆಳ್ಳಕ್ಕಿಗಳು ಕೂತಿದ್ದವು, ಒಬ್ಬ ಬಲೆ ಬೀಸುತ್ತಿದ್ದ. ಅಷ್ಟು ಚೆನ್ನಾಗಿತ್ತು ಅಂದರೆ ನನಗೆ ಅಳು ಬಂತು. ಒಂದು ಲೋಟ ಮುಗಿಸಿ ಇನ್ನೊಂದು ಮಾಡಿಕೊಂಡೆ. ಒಂಬತ್ತೂವರೆಯ ಹೊತ್ತಿಗೆ ಏರಿಯ ಮೇಲೆ ಸೈಕಲ್ ತಳ್ಳಿಕೊಂಡು ಒಬ್ಬ ಗಂಡಸು, ಅವನ ಹಿಂದೆ ಚೀಲ ಹಿಡಿದು ಏದುಸಿರು ಬಿಡುತ್ತ ಒಬ್ಬ ಹೆಂಗಸು ಬರುವುದು ಕಾಣಿಸಿತು. ಹತ್ತಿರ ಬಂದಾಗ ಗುರುತು ಹತ್ತಿತು. ಅವನು ಬೇಕರಿಯಲ್ಲಿ ಭಾನುವಾರ ರಾತ್ರಿ ಬ್ರೆಡ್ ಸುಡುವ ಹೊಂಬಾಳಯ್ಯ. ತಲೆಗೂದಲಲ್ಲಿ ಇನ್ನೂ ಮೈದಾಹಿಟ್ಟು ಇತ್ತು. ಅವಳು ತಿಮ್ಮಾಜಮ್ಮ.

"ನನ್ ಮನೇನೇ ಇಲ್ಲ ಅಂತಾರಲ್ಲಕ್ಕ," ಎಂದ ಹೊಂಬಾಳಯ್ಯ.

ಉಳಿದದ್ದನ್ನು ತಿಮ್ಮಾಜಮ್ಮ ಹೇಳಿದಳು. ಹೊಂಬಾಳಯ್ಯನ ಹೆಂಡತಿ ಜಯಶೀಲೆಗೆ ದಿನ ತುಂಬಿ ಎರಡು ದಿನವಾಗಿತ್ತು. ಮಗು ಹೊಟ್ಟೆಯಲ್ಲಿ ಕಾಲು ಕೆಳಗಾಗಿ ಕೂತಿದೆ, ನೋವು ಶುರುವಾದರೆ ತಾನು ಹತ್ತಿರ ಇರಲೇಬೇಕು ಎಂದು ತಿಮ್ಮಾಜಮ್ಮ ಶನಿವಾರವೇ ಹೇಳಿ ಬಂದಿದ್ದಳು. ಮನೆಯಲ್ಲಿ ಹೊಂಬಾಳಯ್ಯನ ತಾಯಿ ಕೆಂಪಾಜಮ್ಮ ಬಿಟ್ಟರೆ ಬೇರೆ ಜನವಿಲ್ಲ. ಎಂಟು ಗಂಟೆಗೆ ಇಬ್ಬರೂ ಕಿಟಕಿಯ ಮುಂದೆ ನಿಂತಾಗ ಕಾಂತರಾಜು ಪರದೆ ನೋಡಿ, ಅಂಥ ಮನೆ ಊರಿನಲ್ಲಿಲ್ಲ ಎಂದನಂತೆ. ಇವನು ಇದೆಯೆಂದ, ಅವನು ಇಲ್ಲವೆಂದ. ಕೊನೆಗೆ ಕಾಂತರಾಜು ಅವನಿಗೆ ಉಪಾಯವನ್ನೂ ಹೇಳಿಕೊಟ್ಟನಂತೆ. ನೀವು ಚೀಟಿ ಹಾಕಿಲ್ಲ, ಮನೆಗೆ ಹೋಗಿ ಚೀಟಿ ಹಾಕಿ ಬನ್ನಿ, ಆಮೇಲೆ ನಿಮ್ಮ ಮನೆ ಎಲ್ಲಿದೆ ಹೇಳುತ್ತೇನೆ ಎಂದನಂತೆ.

"ನಿನ್ ಮನೆ ಮಾತ್ರ ಅದ್ರಾಗೆ ಐತೆ ನೋಡವ್ವ," ಎಂದಳು ತಿಮ್ಮಾಜಮ್ಮ. "ಅದ್ಕೇ ಇಲ್ಲಿಗೆ ಬಂದ್ವಿ."

ಲೋಟವನ್ನು ಜಗಲಿಯ ಮೇಲೆಯೇ ಬಿಟ್ಟು ಹೊರಟೆ. ಬಾವುಟ ಊರಿನ ಆ ತುದಿಯಲ್ಲಿ ಕಾಣುತ್ತಿತ್ತು. ನನ್ನ ಮಂಡಿಯ ನಡಿಗೆಗೆ ಅದು ಒಂದು ಗಂಟೆಯ ದಾರಿ. ಹೊಂಬಾಳಯ್ಯ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತುಳಿದ. ದಾರಿಯುದ್ದಕ್ಕೂ ಅವನು ಎರಡೂ ಬದಿಯ ಪ್ರತಿ ಬಾಗಿಲನ್ನೂ ನೋಡುತ್ತಿದ್ದ, ಹಾಗಾಗಿ ಎರಡು ಸಲ ಚರಂಡಿಗೆ ಇಳಿದೆವು. ನಾನು ಅವನಿಗೆ ಬೈಯಲಿಲ್ಲ. ಬೈಗಳನ್ನೆಲ್ಲ ಕಚೇರಿಗೆ ಎಂದು ಕೂಡಿಟ್ಟುಕೊಂಡೆ.

ಕಚೇರಿಯಲ್ಲಿ ಮೈಸೂರುಪಾಕು ಹಂಚುತ್ತಿದ್ದರು. ಅಧ್ಯಕ್ಷರು ನನ್ನನ್ನು ಕಂಡು ಎದ್ದು ಬಂದು, ರಜೆಯ ದಿನವೂ ಬಂದಿರಲ್ಲ, ಇದನ್ನು ನೋಡಿ ಎಂದು ಪರದೆ ತೋರಿಸಿದರು. ಹಳದಿ, ಹಸಿರು, ತುಂಬ ಸೊಗಸು. ಮೂಲೆಯಲ್ಲಿ ಮನೆಗಳ ಲೆಕ್ಕ ಬಂದಿತ್ತು, ಸಾವಿರ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹೊಸ ಟೂಲ್ ಹಾಕಿದ ಮೊದಲ ದಿನವೇ ಇಷ್ಟು ಗುಂಡಾದ ಸಂಖ್ಯೆ ಬಂದದ್ದು ಶುಭ ಎಂದು ಅವರ ಅಭಿಪ್ರಾಯ. ಮೈಸೂರುಪಾಕು ಅದಕ್ಕಾಗಿ.

ಕಳೆದ ವಾರ ಎಷ್ಟಿತ್ತು ಎಂದು ಕೇಳಿದೆ. ಸಾವಿರದ ನಲವತ್ತಮೂರು ಎಂದು ಕಾಂತರಾಜು ಬಾಯಿಯಲ್ಲಿ ತುಂಡಿಟ್ಟುಕೊಂಡೇ ಹೇಳಿದ. ಹಾಗಾದರೆ ನಲವತ್ತಮೂರು ಮನೆ ಎಲ್ಲಿ ಹೋದವು ಎಂದೆ. ಹಳೆಯ ಪದ್ಧತಿಯಲ್ಲಿ ಕಸ ಕೂಡಿಕೊಂಡಿತ್ತು, ಯಂತ್ರ ಶುದ್ಧ ಮಾಡಿದೆ ಎಂದರು ಅಧ್ಯಕ್ಷರು. ಮೇಷ್ಟ್ರು ಅದನ್ನು ಒಪ್ಪಲಿಲ್ಲ. ಇಲ್ಲದ ಮನೆಗಳನ್ನು ಅವರು ಹಳೆಯ ಪಟ್ಟಿಯೊಂದಿಗೆ ಹೋಲಿಸಿ ನೋಡಿದ್ದರಂತೆ. ಹನುಮಯ್ಯ, ಹಾಲಪ್ಪ, ಹುಚ್ಚೀರಯ್ಯ, ಹೊಂಬಾಳಯ್ಯ, ಎಲ್ಲ ಹಕಾರದ ಹೆಸರುಗಳೇ. ಹಕಾರದವರು ಚೀಟಿ ಹಾಕುವುದರಲ್ಲಿ ಸೋಮಾರಿಗಳು ಎಂದು ಅವರು ತೀರ್ಮಾನಕ್ಕೆ ಬಂದಿದ್ದರು. ಒಂದು ಊರಿನಲ್ಲಿ ಒಂದೇ ಅಕ್ಷರದವರೆಲ್ಲ ಒಂದೇ ಬೆಳಿಗ್ಗೆ ಸೋಮಾರಿಗಳಾದರು ಎಂದು ಓದಿದ ಮನುಷ್ಯ ಹೇಳಿದರೆ ತಲೆ ಎಲ್ಲಿ ಚಚ್ಚಿಕೊಳ್ಳುವುದು?

ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದೆ. ಕೆಳಗಿನ ಅಂಚಿನಲ್ಲಿ ಇರುವೆಯಷ್ಟು ಅಕ್ಷರದಲ್ಲಿ 'ಮೊದಲ ೧೦೦೦ ಸಾಲುಗಳನ್ನು ತೋರಿಸಲಾಗಿದೆ' ಎಂದು ಬರೆದಿತ್ತು. ಬೇಗ ತೆರೆದುಕೊಳ್ಳಲಿ ಎಂದು ಅದು ಹೆಸರುಗಳನ್ನು ಅಕಾರದಿಂದ ಜೋಡಿಸಿ ಮೊದಲ ಸಾವಿರವನ್ನು ಮಾತ್ರ ತಂದು ಸುಮ್ಮನಾಗುತ್ತಿತ್ತು. ಉಳಿದವರ ಮನೆಗಳಿದ್ದ ಕಡೆ ಹಸಿರು ತುಂಬುತ್ತಿತ್ತು. ಚೀಟಿಗಳೆಲ್ಲ ಒಳಗೆ ಬಂದಿದ್ದವು, ಯಾರೂ ಸೋಮಾರಿಗಳಾಗಿರಲಿಲ್ಲ. ಅರವತ್ತು ಮನೆಯ ಮಾದರಿ ಊರಿನಲ್ಲಿ ಇದು ಕಾಣುವಂತೆಯೇ ಇರಲಿಲ್ಲ. ನಮ್ಮ ಮನೆಗಳನ್ನು ಹಾಕಿ ಒಂದೇ ಒಂದು ಸಲ ನೋಡಿದ್ದರೆ ನನಗೆ ಕಾಣುತ್ತಿತ್ತು. ಅದನ್ನು ನೋಡಿದ್ದೇನೆಂದು ನಾನು ಸಹಿ ಮಾಡಿದ್ದೆ.

ಕಾಂತರಾಜುವನ್ನು ಕುರ್ಚಿಯಿಂದ ಎಬ್ಬಿಸಿ ಕಪ್ಪು ಪರದೆ ತೆರೆದೆ. ಸಮಿತಿ ಒಪ್ಪಿದ ಟೂಲನ್ನು ಬಿಟ್ಟು ಹಳೆಯದಕ್ಕೆ ಹೋಗಬೇಕಾದರೆ ಒಂದು ಠರಾವು ಬೇಕಾಗುತ್ತದೆ ಎಂದು ಅಧ್ಯಕ್ಷರು ಹಿಂದಿನಿಂದ ಹೇಳಿದರು. ಎರಡು ಸಲ ತಪ್ಪು ಟೈಪ್ ಮಾಡಿದೆ. ತಿಮ್ಮಾಜಮ್ಮ ಅಷ್ಟರಲ್ಲಿ ನಡೆದುಕೊಂಡೇ ಬಂದು ಕಿಟಕಿಯ ಕಂಬಿ ಹಿಡಿದು ನಿಂತಿದ್ದಳು, ಹೊಂಬಾಳಯ್ಯ ಅವಳ ಪಕ್ಕದಲ್ಲಿದ್ದ. ಮೂರನೆಯ ಸಲ ಒಂದು ಸಾಲು ಬಂತು. ನಾನು ಅದನ್ನು ಗಟ್ಟಿಯಾಗಿ ಓದಿದೆ.

"ಹೊಂಬಾಳಯ್ಯನ ಮನೆ. ಎಡಕ್ಕೆ ಅಕ್ಕಿ ಗೋದಾಮು. ಬಲಕ್ಕೆ ಬಾವಿ. ಮುಂದೆ ಬಯಲು. ಹಿಂದೆ, ಮನೆಪತ್ತೆ ಕಚೇರಿ."

ಎಲ್ಲರೂ ಒಟ್ಟಿಗೆ ಹಿಂದಿನ ಗೋಡೆ ನೋಡಿದೆವು. ಕ್ಯಾಲೆಂಡರ್ ನೇತುಹಾಕಿದ್ದ, ಸುಣ್ಣ ಬಳಿದ ಬರಿಯ ಗೋಡೆ. ಹೊಂಬಾಳಯ್ಯ ಅಷ್ಟರಲ್ಲಿ ಓಡಿಯಾಗಿತ್ತು, ತಿಮ್ಮಾಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನ ಹಿಂದೆ. ನಾವು ಗೋದಾಮು ಸುತ್ತಿಕೊಂಡು ಹೋದೆವು. ಬೀಗ ಹಾಕಿದ ಗೋದಾಮು ದಾಟಿದರೆ ಅವರ ಬಾಗಿಲು, ಎಣಿಸಿದರೆ ಅರವತ್ತು ಹೆಜ್ಜೆ ಇರಲಿಲ್ಲ. ನಮ್ಮದು ಬೀದಿಗೆ ಮುಖ, ಅವರದು ಬಯಲಿಗೆ ಮುಖ, ಬೆನ್ನಿಗೆ ಬೆನ್ನು ತಾಗಿಸಿಕೊಂಡು ಎರಡೂ ಕಟ್ಟಡಗಳು ಬೆಳಿಗ್ಗೆಯಿಂದ ನಿಂತಿದ್ದವು.

ತಿಮ್ಮಾಜಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊಂಬಾಳಯ್ಯ ಹೊಸಿಲ ಮೇಲೆ ಕೂತ. ನಾವು ಬಯಲಿನಲ್ಲಿ ನಿಂತೆವು. ಅಧ್ಯಕ್ಷರು ಮೊದಲು ಮಾರಲು ಬಂದವನ ಮೇಲೆ, ಆಮೇಲೆ ಟೂಲಿನ ಮೇಲೆ, ಆಮೇಲೆ ಇರುವೆಯಷ್ಟು ಅಕ್ಷರ ಬರೆದವರ ಮೇಲೆ ತಪ್ಪು ಹೊರಿಸಿದರು. ಮೇಷ್ಟ್ರು ಇದನ್ನು ಆಯ್ಕೆ ಮಾಡಿದ್ದು ತಾಂತ್ರಿಕ ಸದಸ್ಯೆಯ ಸಹಿಯ ಮೇಲೆ ಎಂದು ನೆನಪಿಸಿದರು. ಅದು ಅವರು ಆ ದಿನ ಆಡಿದ ಒಂದೇ ಸರಿಯಾದ ಮಾತು. ಹೌದು, ನಾನು ನೋಡದೆ ಸಹಿ ಮಾಡಿದೆ ಎಂದೆ. ಅಷ್ಟರಲ್ಲಿ ಒಳಗಿನಿಂದ ಜಯಶೀಲೆ ಕೂಗಿದಳು, ಆ ಕೂಗು ಕೇಳಿ ಹೊಂಬಾಳಯ್ಯ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಅವನ ತಲೆಯಿಂದ ಹಿಟ್ಟು ಉದುರುತ್ತಿತ್ತು.

ಹನ್ನೊಂದೂವರೆ ದಾಟಿದ ಮೇಲೆ ಮಗು ಅತ್ತಿತು. ಬಹಳ ಸಣ್ಣ ದನಿ, ಮೊದಲು ಬೆಕ್ಕೇನೋ ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ತಿಮ್ಮಾಜಮ್ಮ ಬಾಗಿಲು ತೆರೆದು ಹೊಂಬಾಳಯ್ಯನಿಗೆ ಹೆಣ್ಣು ಮಗು ಎಂದಳು, ತಾಯಿ ಉಳಿದುಕೊಂಡಳು ಎಂದಳು. ನನ್ನ ಕಡೆ ತಿರುಗಿ, ಇನ್ನರ್ಧ ಗಂಟೆ ತಡವಾಗಿದ್ದರೆ ಇಬ್ಬರಲ್ಲಿ ಒಬ್ಬರೂ ತನ್ನ ಕೈಗೆ ಸಿಕ್ಕುತ್ತಿರಲಿಲ್ಲ ಎಂದಳು. ದನಿ ಏರಿಸಲಿಲ್ಲ, ಅದೇ ಹೆಚ್ಚು ನೋವಾಯಿತು.

ಅವಳ ಹಿಂದೆ ಕೆಂಪಾಜಮ್ಮ ಬಂದು ಗೋಡೆಗೆ ಒರಗಿ ಕೂತರು. ಎಪ್ಪತ್ತರ ಹತ್ತಿರದ ಹೆಂಗಸು. ಎರಡೂ ಅಂಗೈ ಬಾತುಕೊಂಡು ಕೆಂಪಾಗಿದ್ದವು, ಬಲಗೈಯ ಗೆಣ್ಣುಗಳಲ್ಲಿ ಚರ್ಮ ಸುಲಿದು ಸುಣ್ಣ ಮೆತ್ತಿಕೊಂಡಿತ್ತು. ಅವರು ನನ್ನನ್ನು ಬೈಯುತ್ತಾರೆ ಅಂದುಕೊಂಡೆ, ಬೈಯಲಿ ಎಂದು ಹತ್ತಿರ ಹೋದೆ. ಅವರು ಬೈಯಲಿಲ್ಲ.

"ಮುಂಜಾನೆ ಚೀಟಿ ಹಾಕ್ಬಂದ್ ತಕ್ಷಣ ನೋವು ಶುರುವಾಯ್ತು ಕಣವ್ವ," ಎಂದರು. "ಅವಳ್ನ ಒಬ್ಬಳ್ನೇ ಬಿಟ್ಟು ಹೊಸಿಲು ದಾಟಾಕೆ ಧೈರ್ಯ ಬರ್ಲಿಲ್ಲ. ಹಿಂದ್ಗಡೆ ಕಚೇರಿ ಐತೆ, ಅಷ್ಟೊಂದ್ ಜನ ಇರ್ತಾರೆ, ಒಬ್ರಾದ್ರೂ ಬರ್ತಾರೆ ಅಂತ ಗೋಡೆ ಬಡಿದೆ. ಕೈ ಸೋತ್ಮೇಲೆ ಒನಕೆ ತಗೊಂಡು ಬಡಿದೆ, ಕೊನೆಗೆ ಅದ್ನ ಎತ್ತಾಕೂ ಆಗ್ಲಿಲ್ಲ. ನಿಮ್ಗೆ ಕೇಳಿಸ್ಲೇ ಇಲ್ವಾ?"

ನಾನು ಇರಲಿಲ್ಲ ಎಂದು ಹೇಳಬಹುದಿತ್ತು, ಅದು ನಿಜವೂ ಆಗಿತ್ತು. ಕಾಂತರಾಜುವಿನ ಕಡೆ ನೋಡಿದೆ. ಅವನು ಕೆಳಗೆ ನೋಡುತ್ತಿದ್ದ. ಕೇಳಿಸಿತೇ ಎಂದು ಕೇಳಿದೆ. ಅವನು ಸುಳ್ಳು ಹೇಳುವ ಹುಡುಗನಲ್ಲ, ಹೇಳಿದ್ದನ್ನು ನಂಬುವ ಹುಡುಗ ಅಷ್ಟೇ.

"ಕೇಳಿಸ್ತಕ್ಕ," ಎಂದ. "ಬೆಳಗ್ಗೆಯಿಂದ್ಲೂ ಕೇಳಿಸ್ತಾನೇ ಇತ್ತು. ಆದ್ರೆ ಸ್ಕ್ರೀನಲ್ಲಿ ಹಿಂದ್ಗಡೆ ಖಾಲಿ ಜಾಗ ಅಂತ ಇತ್ತಲ್ಲ. ಖಾಲಿ ಜಾಗ್ದಲ್ಲಿ ಯಾರಿರ್ತಾರೆ ಅಂತ ಯಾರೂ ಎದ್ದು ಹೋಗಿ ನೋಡ್ಲಿಲ್ಲ."